ಸಸಿಯಕ್ಕನ ಹುಲ್ಲುಗುಡ್ಡ

ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ನರ್ಸರಿಯ ಹೆಂಗಸರಿಗೆ, ಜೀಪಿನ ಡ್ರೈವರುಗಳಿಗೆ, ವರ್ಷಕ್ಕೊಮ್ಮೆ ತಪಾಸಣೆಗೆ ಬರುವ ದೊಡ್ಡ ಸಾಹೇಬರಿಗೆ ಅವಳು ಸಸಿಯಕ್ಕ. ಕೊನೆಕೊನೆಗೆ ಗಂಡನೂ ಹಾಗೇ ಕರೆಯತೊಡಗಿದ. "ಕಟ್ಟಿಕೊಂಡವರೇ ಅಕ್ಕ ಅಂದ್ರೆ ನಾನು ಯಾವ ಬಾವಿ ನೋಡ್ಕೊಳ್ಳಲಿ?" ಎಂದು ಅವಳು ನಗುತ್ತಿದ್ದಳು. ಒಳಗೊಳಗೆ ಆ ಹೆಸರು ಅವಳಿಗೆ ಹಿಡಿಸಿತ್ತು. ಮೂವತ್ತೊಂಬತ್ತು ವರ್ಷ ಸಸಿ ಬೆಳೆಸಿ, ಹೊತ್ತು, ನೆಟ್ಟವಳಿಗೆ ಇನ್ನೊಂದು ಹೆಸರು ಯಾಕೆ?

ಹತ್ತೊಂಬತ್ತನೇ ವಯಸ್ಸಿಗೆ ಮದುವೆಯಾಗಿ ಅವಳು ಈ ಎತ್ತರಕ್ಕೆ ಬಂದಿದ್ದಳು. ಗಂಡ ಅರಣ್ಯ ಇಲಾಖೆಯ ನೀರಿನ ಲಾರಿಯ ಡ್ರೈವರು. ತಗಡಿನ ಸೂರಿನ ಎಂಟು ಕೋಣೆಗಳ ಒಂದು ಸಾಲು, ಎಂಟು ಸಂಸಾರಕ್ಕೂ ಒಂದೇ ನಲ್ಲಿ. ಚಳಿಗಾಲದ ಬೆಳಿಗ್ಗೆ ಆ ನಲ್ಲಿಯ ಬಾಯಿಂದ ಬೆರಳುದ್ದದ ಮಂಜುಗಡ್ಡೆ ಇಳಿಬಿದ್ದಿರುತ್ತಿತ್ತು. ಬಾಗಿಲು ತೆರೆದರೆ ಕಣ್ಣು ಹಾಯುವಷ್ಟು ದೂರ ಹುಲ್ಲು. ಮರವಿಲ್ಲ, ಪೊದೆಯಿಲ್ಲ, ಗುಡ್ಡದ ಹಿಂದೆ ಗುಡ್ಡ. ಗಾಳಿ ಬೀಸಿದರೆ ಇಡೀ ಗುಡ್ಡ ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ ಕಾಣುತ್ತಿತ್ತು. ಕೆಳಗಿನ ಜನನಿಬಿಡ ಬೀದಿಯೊಂದರಲ್ಲಿ ಹುಟ್ಟಿ ಬೆಳೆದ ಹುಡುಗಿಗೆ ಅದನ್ನು ನೋಡಿ ಅಳುವೇ ಬಂತು.

"ಇಲ್ಲಿ ಏನಿದೆ ರೀ?" ಎಂದು ಕೇಳಿದಳು.

"ಏನೂ ಇಲ್ಲ. ಅದಕ್ಕೇ ತಾನೇ ಇಲಾಖೆಯೋರು ನಮ್ಮನ್ನ ಇಲ್ಲಿ ತಂದು ಹಾಕಿರೋದು" ಎಂದ ಗಂಡ.

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಆಫೀಸಿನ ಗೋಡೆಯ ನಕ್ಷೆಯಲ್ಲಿ ಆ ಗುಡ್ಡಗಳಿಗೆಲ್ಲ ಒಂದೇ ಹಳದಿ ಬಣ್ಣ ಬಳಿದು 'ಪಾಳು ಜಾಗ' ಎಂದು ಬರೆದಿತ್ತು. ಆ ಪಾಳನ್ನು ಹಸಿರು ಮಾಡುವ ಯೋಜನೆ ಅವಳು ಬಂದ ವರ್ಷವೇ ಶುರುವಾಯಿತು. ದೂರದ ಯಾವುದೋ ದೇಶದಿಂದ ಬೀಜ ಬಂತು. ಎಲೆಯ ಬದಲು ಸೂಜಿಯಂಥ ಕಡ್ಡಿಗಳಿರುವ ಆ ಮರಕ್ಕೆ ಉದ್ದನೆಯ ಹೆಸರಿತ್ತು, ಆದರೆ ಹೆಂಗಸರ ಬಾಯಲ್ಲಿ ಅದು ಸೂಜಿಮರ ಆಯಿತು. ಮಣ್ಣು ಜರಡಿ ಹಿಡಿಯುವುದು, ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ತುಂಬುವುದು, ಮೊಳಕೆಯನ್ನು ಬಿದಿರು ಸೀಳಿನಿಂದ ಎಬ್ಬಿಸಿ ಚೀಲಕ್ಕೆ ಕೂರಿಸುವುದು, ಮಧ್ಯಾಹ್ನ ಮೂರಾದರೆ ರಾತ್ರಿಯ ಹಿಮಕ್ಕೆ ಸಸಿ ಸುಡದಂತೆ ಮಡಿಗಳ ಮೇಲೆ ಚಾಪೆ ಹೊದಿಸುವುದು, ಬೆಳಿಗ್ಗೆ ತೆಗೆಯುವುದು. ಎಲ್ಲವನ್ನೂ ಅವಳು ಎರಡೇ ತಿಂಗಳಲ್ಲಿ ಕಲಿತಳು. ಮಳೆ ಹಿಡಿದ ಕೂಡಲೇ ಗುಡ್ಡದ ಮೇಲೆ ಗುಂಡಿ ತೋಡುವ ಕೆಲಸ.

ಆ ಮೊದಲ ವರ್ಷವೇ ಒಂದು ಸಂಗತಿ ನಡೆಯಿತು. ಗುದ್ದಲಿ ಎತ್ತಿ ಇನ್ನೇನು ಹಾಕಬೇಕು, ಕಾಲ ಬುಡದಿಂದ ಇಲಿಯಂಥದ್ದೇನೋ ತಲೆತಗ್ಗಿಸಿ ಹುಲ್ಲಿನೊಳಗೆ ಓಡಿತು. ನೋಡಿದರೆ ಇಲಿಯಲ್ಲ, ಹಕ್ಕಿ. ಗುಬ್ಬಿಗಿಂತ ಚೂರು ಉದ್ದ, ಒಣಹುಲ್ಲಿನ ಬಣ್ಣ, ಎದೆಯ ಮೇಲೆ ಕಂದು ಗೀರುಗಳು. ಹುಲ್ಲಿನ ಬುಡ ಸರಿಸಿದರೆ ಅಂಗೈಯಗಲದ ಗೂಡು, ಅದರಲ್ಲಿ ಮೂರು ಚುಕ್ಕೆ ಮೊಟ್ಟೆ. ಅವಳು ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಗುಂಡಿ ತೋಡಿದಳು. ಸಂಜೆ ಮೇಸ್ತ್ರಿ ಕೆಂಪು ಬಟ್ಟೆಯ ಗಂಟು ಕಟ್ಟಿದ ಅಳತೆಯ ಹಗ್ಗ ಹಿಡಿದು ಸಾಲು ನೋಡುತ್ತ ಬಂದ. ಅಲ್ಲಿಗೆ ಬಂದವನು ನಿಂತ.

"ಯಾರಮ್ಮ ಇಲ್ಲಿ ಸೊಟ್ಟ ತೋಡಿದ್ದು?"

"ಗೂಡಿತ್ತು ಮೇಸ್ತ್ರಿ."

"ಗುಡ್ಡದ ತುಂಬಾ ಗೂಡೇ ಇದೆ. ಒಂದೊಂದಕ್ಕೂ ಪಕ್ಕಕ್ಕೆ ಹೋದ್ರೆ ನಾವು ಸಮುದ್ರಕ್ಕೆ ಹೋಗಿ ಸೇರ್ತೀವಿ. ತೋಡು."

ಜೊತೆಯ ಹೆಂಗಸರು ನಕ್ಕರು. ಅವಳೂ ನಕ್ಕು, ಗಂಟಿದ್ದ ಜಾಗದಲ್ಲೇ ಗುದ್ದಲಿ ಹಾಕಿದಳು. ಆಮೇಲೆ ಯಾವ ವರ್ಷವೂ ಪಕ್ಕಕ್ಕೆ ಸರಿಯಲಿಲ್ಲ. ಕೆಲಸ ಅಂದರೆ ಕೆಲಸ. ಹೆಂಗಸರು ಆ ಹಕ್ಕಿಗೆ ಹುಲ್ಲುಗುಬ್ಬಿ ಎನ್ನುತ್ತಿದ್ದರು. ಕ್ರಮೇಣ ಅದರ ಮಾತೇ ನಿಂತುಹೋಯಿತು.

ಹನ್ನೊಂದು ಗುಡ್ಡಕ್ಕೆ ಸೂಜಿಮರ ಹತ್ತಿತು. ಮೂರನೇ ಗುಡ್ಡ ನೆಟ್ಟ ವರ್ಷ ಮಗಳು ಹುಟ್ಟಿದಳು. ಹೆರಿಗೆಯಾಗಿ ಐವತ್ತನೇ ದಿನಕ್ಕೆ ಸಸಿಯಕ್ಕ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಕೆಲಸಕ್ಕೆ ಬಂದಳು. ಅದು ಮಗಳ ಗುಡ್ಡ ಎಂದೇ ಹೆಸರಾಯಿತು. ಒಂದು ಚಳಿಗಾಲ ಗುಂಪಿನ ಒಬ್ಬ ಹೆಂಗಸು ಜಾರಿ ಬಿದ್ದು ಹೆಣವಾಗಿ ಇಳಿದಳು. ಸಸಿಯಕ್ಕನ ಎಡಗೈಯ ಕಿರುಬೆರಳು ಚಳಿಗೆ ಸೆಟೆದದ್ದು ಮತ್ತೆ ಮಡಚಲಿಲ್ಲ. ಹೀಗೆ ಮೈಮುರಿದು ದುಡಿದದ್ದಕ್ಕೆ ಸರಿಯಾಗಿ ಮರಗಳು ಎದ್ದವು. ಅವಳು ಮೇಸ್ತ್ರಿಯಾದಳು. ದೊಡ್ಡ ಸಾಹೇಬರು ಅವಳನ್ನು ಮಗಳ ಗುಡ್ಡದ ಮುಂದೆ ನಿಲ್ಲಿಸಿ ಫೋಟೋ ತೆಗೆಸಿದರು. ಐವತ್ತೆಂಟಕ್ಕೆ ನಿವೃತ್ತಿಯಾದಾಗ, ತಾನು ಹುಟ್ಟಿದ್ದಕ್ಕೆ ಏನೋ ಒಂದು ಮಾಡಿಟ್ಟೆ ಎಂಬ ತೃಪ್ತಿಯಿಂದ ಅವಳು ಮನೆಯಲ್ಲಿ ಕುಳಿತಳು. ಬಾಗಿಲು ತೆರೆದರೆ ಈಗ ಹುಲ್ಲಿಲ್ಲ, ಕಪ್ಪುಹಸಿರಿನ ಗೋಡೆ.

ನಿವೃತ್ತಿಯ ಮರುವರ್ಷ ಗಾರ್ಡು ಬಂದು ಹೇಳಿದ, "ಸಸಿಯಕ್ಕ, ಹಕ್ಕಿ ನೋಡೋಕೆ ಇಬ್ಬರು ವಯಸ್ಸಾದೋರು ಬರ್ತಿದಾರೆ. ಮೂರು ದಿನದ ನಡಿಗೆ. ಅಡುಗೆ ಮಾಡಿ ಹಾಕೋಕೆ, ದಾರಿ ತೋರಿಸೋಕೆ ಒಬ್ಬರು ಬೇಕಂತೆ. ನಿನಗಿಂತ ಗುಡ್ಡ ಗೊತ್ತಿರೋರು ಯಾರಿದಾರೆ?"

ಬಂದವರು ಅಣ್ಣ ತಂಗಿ. ಅಣ್ಣ ಎಪ್ಪತ್ತನಾಲ್ಕರ ನಿವೃತ್ತ ಕಾಲೇಜು ಮೇಷ್ಟ್ರು, ಪ್ರಾಣಿಶಾಸ್ತ್ರ ಪಾಠ ಮಾಡಿದವರು. ಉದ್ದ ಕತ್ತು, ಬಲಗಾಲಿನ ಮಂಡಿಗೆ ಪಟ್ಟಿ, ಎದೆಯ ಮೇಲೆ ದುರ್ಬೀನು. ತಂಗಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೂತು ಬಂದವರು, ಗಿಡ್ಡ, ಚುರುಕು, ಬಾಯಿ ಇನ್ನೂ ಚುರುಕು. ಇಬ್ಬರೂ ಮದುವೆಯಾಗದೆ ಒಂದೇ ಮನೆಯಲ್ಲಿದ್ದರು. ಹೊರಟ ಅರ್ಧ ಗಂಟೆಯಲ್ಲೇ ಸಸಿಯಕ್ಕ ತಂಗಿಗೆ ಫೋನಮ್ಮ ಎಂದು ಹೆಸರಿಟ್ಟಳು. ಅವರು ಖುಷಿಯಾಗಿಯೇ ಒಪ್ಪಿಕೊಂಡರು.

ಮೇಷ್ಟ್ರ ಕೈಯಲ್ಲಿ ರಟ್ಟು ಸವೆದ ಹಳೆಯ ನೋಟುಪುಸ್ತಕವಿತ್ತು. ನಲವತ್ತೊಂದು ವರ್ಷದ ಹಿಂದೆ ಅವರು ಇದೇ ದಾರಿಯಲ್ಲಿ ನಡೆದು, ಇನ್ನೂರು ಹೆಜ್ಜೆಗೊಮ್ಮೆ ನಿಂತು, ಐದು ನಿಮಿಷದಲ್ಲಿ ಕಂಡ ಕೇಳಿದ ಹಕ್ಕಿಗಳನ್ನು ಬರೆದಿಟ್ಟಿದ್ದರಂತೆ. ಈಗ ಅದೇ ದಾರಿ, ಅದೇ ಇನ್ನೂರು ಹೆಜ್ಜೆ, ಮತ್ತೆ ಎಣಿಕೆ. ಹೆಜ್ಜೆ ಎಣಿಸುವುದು ಅಣ್ಣ, ಬರೆಯುವುದು ತಂಗಿ.

ಸಸಿಯಕ್ಕ ಮೊದಲ ದಿನ ಬಹಳ ಉತ್ಸಾಹದಲ್ಲಿದ್ದಳು. ತಲೆಯ ಮೇಲೆ ಪಾತ್ರೆಗಳ ಗಂಟು, ಬಾಯಲ್ಲಿ ಗುಡ್ಡದ ಚರಿತ್ರೆ. "ಇದು ಎರಡನೇ ವರ್ಷದ್ದು ಮೇಷ್ಟ್ರೇ, ಒಂದು ಸಸೀನೂ ಸಾಯಲಿಲ್ಲ. ಇದು ನನ್ನ ಮಗಳ ಗುಡ್ಡ. ಈ ಮರ ನೋಡಿ, ತಬ್ಬಿದ್ರೆ ಕೈಗೆ ಸಿಗಲ್ಲ. ಒಂದು ಬೆರಳುದ್ದ ಇದ್ದಾಗ ತಂದಿದ್ದೆ."

ಮೇಷ್ಟ್ರು ಮರವನ್ನು ಮುಟ್ಟಿ ನೋಡಿ, "ಎಲ್ಲಾ ನೀವೇ ನೆಟ್ಟಿದ್ದಾ ಅಮ್ಮಾ?" ಎಂದರು.

"ನಾನು, ನನ್ನ ಗುಂಪು."

ಇನ್ನೂರು ಹೆಜ್ಜೆಯಾಯಿತು. ನಿಂತರು. ಸೂಜಿಮರದ ಕೆಳಗೆ ನೆಲವೆಲ್ಲ ಒಣಗಿದ ಕಡ್ಡಿಗಳ ಹಾಸು, ಕಾಲಿಟ್ಟರೆ ಸದ್ದಿಲ್ಲ. ಹುಲ್ಲಿನ ಒಂದು ಎಸಳೂ ಇಲ್ಲ. ಮೇಲೆ ಗಾಳಿಯ ಸುಯ್ಯೆನ್ನುವ ಶಬ್ದ. ಐದು ನಿಮಿಷ ಕಳೆಯಿತು.

"ಸೊನ್ನೆ" ಎಂದರು ಮೇಷ್ಟ್ರು. ಫೋನಮ್ಮ ಬರೆದುಕೊಂಡರು.

ಮತ್ತೆ ಇನ್ನೂರು ಹೆಜ್ಜೆ. ಸೊನ್ನೆ. ಮತ್ತೆ ಸೊನ್ನೆ. ಒಂದು ಕಡೆ ಯಾವುದೋ ಕಾಗೆ ಕೂಗಿತು, ಅದನ್ನು ಬರೆದುಕೊಂಡರು. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೆರಡು ಸಲ ನಿಂತಾಗಿತ್ತು. ಬ್ರೆಡ್ಡು, ಬೇಯಿಸಿದ ಮೊಟ್ಟೆ ಬಿಚ್ಚಿ ಕೊಡುತ್ತ ಸಸಿಯಕ್ಕ ಮರುಕದಿಂದ ಕೇಳಿದಳು, "ಇವತ್ತು ನಿಮ್ಮ ಅದೃಷ್ಟ ಸರಿಯಿಲ್ಲ ಅನ್ಸುತ್ತೆ. ಹಿಂದೆ ಬಂದಾಗ ಈ ದಾರೀಲಿ ಎಷ್ಟು ಸಿಕ್ಕಿತ್ತು?"

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಫೋನಮ್ಮ ಹಳೆಯ ಪುಸ್ತಕ ನೋಡಿ ಹೇಳಿದರು, "ಒಂದೇ ಜಾತೀದು ಅರವತ್ತಮೂರು."

"ಯಾವ ಹಕ್ಕಿ?"

ಮೇಷ್ಟ್ರು ಚಿತ್ರದ ಪುಸ್ತಕ ತೆಗೆದು ತೋರಿಸಿದರು. ಒಣಹುಲ್ಲಿನ ಬಣ್ಣ, ಎದೆಯ ಮೇಲೆ ಕಂದು ಗೀರು. ಸಸಿಯಕ್ಕ ಕೈಯಲ್ಲಿದ್ದ ಮೊಟ್ಟೆಯನ್ನು ಕೆಳಗಿಟ್ಟಳು.

"ಇದು ನಮ್ಮ ಹುಲ್ಲುಗುಬ್ಬಿ ಅಲ್ವಾ!"

"ನಿಮಗೆ ಗೊತ್ತಾ?"

"ಗೊತ್ತಿಲ್ಲದೆ ಏನು? ಗುದ್ದಲಿ ಎತ್ತಿದ್ರೆ ಸಾಕು, ಕಾಲ ಕೆಳಗಿಂದ ಓಡೋದು. ಈಗ ಅವು..." ಅವಳು ಸುತ್ತ ನೋಡಿದಳು. ಯಾವ ವರ್ಷದಿಂದ ಕಾಣಲಿಲ್ಲ ಎಂದು ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ. "ಈಗ ಎಲ್ಲಿಗೆ ಹೋದವು ಮೇಷ್ಟ್ರೇ?"

ಮೇಷ್ಟ್ರು ಚಿತ್ರದ ಪುಸ್ತಕ ಮುಚ್ಚಿದರು. "ಇದು ಈ ಎತ್ತರದ ಹುಲ್ಲಲ್ಲಿ ಮಾತ್ರ ಇರೋ ಹಕ್ಕಿ ಅಮ್ಮಾ. ಮರದ ಕೆಳಗೆ ಬರಲ್ಲ. ಕೆಳಗಿನ ಬಯಲಿಗೂ ಇಳಿಯಲ್ಲ. ಹುಲ್ಲು ಹೋದ್ರೆ... ಅವು ಎಲ್ಲಿಗೂ ಹೋಗಲಿಲ್ಲ. ಹೋಗೋಕೆ ಜಾಗ ಇರಲಿಲ್ಲ."

ಮಾತು ತಲೆಗೆ ಇಳಿಯಲು ಒಂದು ಗಳಿಗೆ ಬೇಕಾಯಿತು. ಇಳಿದ ಮೇಲೆ ಅವಳಿಗೆ ಬಂದದ್ದು ಅಳುವಲ್ಲ, ಸಿಟ್ಟು.

"ಅಂದ್ರೆ ಮರ ನೆಟ್ಟಿದ್ದು ತಪ್ಪು ಅಂತೀರಾ? ಮರ ನೆಡೋದೂ ತಪ್ಪಾ? ಹೀಗಂತ ಯಾರಾದ್ರೂ ಹೇಳಿದ್ದು ಕೇಳಿದೀರಾ ನೀವು? ಬೋಳಾಗಿತ್ತು ಸ್ವಾಮಿ ಈ ಗುಡ್ಡ, ಬೋಳು! ನೋಡಿ ಈ ಬೆರಳು. ನನ್ನ ಗುಂಪಿನ ಹೆಂಗಸು ಇದೇ ಇಳಿಜಾರಲ್ಲಿ ಸತ್ತಳು. ಅಷ್ಟು ವರ್ಷ ನಾವು ಮಾಡಿದ್ದು ಹಾಳು ಕೆಲಸಾನಾ?"

"ನಾನು ಹಾಗೆ ಹೇಳಲಿಲ್ಲಮ್ಮಾ..."

"ಹೇಳಿದ್ರಿ. ಹೇಳಿ ಆಯ್ತು."

ಅವಳು ಗಂಟು ಕಟ್ಟಿ ತಲೆಗೇರಿಸಿ ಮುಂದೆ ನಡೆದುಬಿಟ್ಟಳು. ಸಂಜೆ ತಂಗುವುದಕ್ಕೆ ಒಂದು ಕಲ್ಲುಮನೆಯಿತ್ತು: ಒಂದು ಕೋಣೆ, ಒಂದು ಒಲೆ, ಮೂರು ಹಲಗೆ ಮಂಚ. ಬೆಳಕಿರುವಾಗಲೇ ಅವಳು ಒಲೆ ಹಚ್ಚಿ ಆಲೂಗಡ್ಡೆ ಬೇಯಿಸಿ ತಟ್ಟೆ ಮುಂದಿಟ್ಟಳು. ಉರಿಯುತ್ತಿದ್ದದ್ದು ಸೂಜಿಮರದ ಕಟ್ಟಿಗೆ. ತಟ್ಟೆ ಇಟ್ಟ ಸದ್ದಿಗೇ ಅಣ್ಣ ತಂಗಿ ಮುಖ ಮುಖ ನೋಡಿಕೊಂಡರು.

"ಸಸಿಯಕ್ಕ, ನಮ್ಮಣ್ಣನಿಗೆ ಮೊದಲಿಂದ ಇದೇ ಚಾಳಿ. ಸತ್ಯ ಹೇಳೋಕೆ ಊಟದ ಹೊತ್ತೇ ಆಗಬೇಕು" ಎಂದರು ಫೋನಮ್ಮ. ಸಸಿಯಕ್ಕ ನಗಲಿಲ್ಲ.

ಮೇಷ್ಟ್ರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಅಮ್ಮಾ, ನೀವು ಬೈದಿದ್ದು ನ್ಯಾಯವೇ. ಆದರೆ ಬೈಯಬೇಕಾದ ಕಾರಣ ನಿಮಗೆ ಪೂರ್ತಿ ಗೊತ್ತಿಲ್ಲ. ನಾನು ನಲವತ್ತೊಂದು ವರ್ಷದ ಹಿಂದೆ ಇಲ್ಲಿಗೆ ಸುಮ್ಮನೆ ಬಂದಿರಲಿಲ್ಲ. ಮರ ನೆಡೋಕೆ ಮುಂಚೆ, ಈ ಗುಡ್ಡಗಳಲ್ಲಿ ಏನೇನು ಜೀವ ಇದೆ ಅಂತ ನೋಡಿ ಬರೆದುಕೊಡಿ ಅಂತ ಇಲಾಖೆಯೋರೇ ನನ್ನನ್ನ ಕರೆಸಿದ್ರು."

ಸಸಿಯಕ್ಕ ಒಲೆಯ ಕಡೆಗೇ ಮುಖ ಮಾಡಿ ಕುಳಿತಿದ್ದವಳು ತಿರುಗಿದಳು.

"ನನಗಾಗ ಮೂವತ್ತಮೂರು. ಒಂದು ಅಪರೂಪದ ಹದ್ದು ಇಲ್ಲಿ ಗೂಡು ಮಾಡುತ್ತೆ ಅಂತ ಕೇಳಿದ್ದೆ. ಅದನ್ನ ಕಂಡುಹಿಡಿದು ಹೆಸರು ಮಾಡಬೇಕು ಅಂತ ಆಸೆ. ಹದ್ದು ಸಿಗಲಿಲ್ಲ. ಸಿಕ್ಕಿದ್ದು ಬರೀ ಈ ಕಂದು ಹಕ್ಕಿ, ಕಾಲಿಟ್ಟಲ್ಲೆಲ್ಲಾ. ಎಣಿಸಿ ಎಣಿಸಿ ಬೇಜಾರು ಬಂತು. ಇಲಾಖೆಗೆ ಅರ್ಧ ಹಾಳೆ ಬರೆದುಕೊಟ್ಟೆ. ಏನಂತ ಗೊತ್ತಾ? 'ವಿಶೇಷವೇನೂ ಕಂಡುಬರಲಿಲ್ಲ.'"

ಒಲೆಯಲ್ಲಿ ಕಟ್ಟಿಗೆ ಚಟಪಟ ಅಂದಿತು. ಫೋನಮ್ಮನಿಗೂ ಇದು ಹೊಸ ಸುದ್ದಿ ಎಂಬುದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು.

"ನೀವು ಗುದ್ದಲಿ ಹಾಕೋಕೆ ಒಂದು ವರ್ಷ ಮೊದಲೇ ನಾನು ಪೆನ್ನು ಹಾಕಿದ್ದೆ ಅಮ್ಮಾ. ನಿಮಗೆ ಗೊತ್ತಿರಲಿಲ್ಲ. ನನಗೆ ಗೊತ್ತಿರಬೇಕಿತ್ತು. ಸಾಯೋಕೆ ಮುಂಚೆ ಒಂದು ಸಲ ಬಂದು ಸರಿಯಾಗಿ ಎಣಿಸೋಣ ಅಂತ ಬಂದೆ."

ಸಸಿಯಕ್ಕ ಎದ್ದು, ಅವರು ಸರಿಸಿದ ತಟ್ಟೆಯನ್ನು ಮತ್ತೆ ಅವರ ಮುಂದಕ್ಕೆ ಎಳೆದಿಟ್ಟಳು. "ಆರಿ ಹೋಗುತ್ತೆ. ತಿನ್ನಿ" ಎಂದಳು.

ಮರುದಿನ ಬೆಳಿಗ್ಗೆ ಮೇಲಿನ ದಾರಿ. ಸೂಜಿಮರಗಳು ಕುಳ್ಳಗಾಗುತ್ತ ಬಂದು ಒಂದು ಕಡೆ ನಿಂತುಹೋದವು. ಅಲ್ಲಿಂದಾಚೆ ನೆತ್ತಿಯ ಬಯಲು, ಬಂಡೆ, ಮೊಣಕಾಲೆತ್ತರದ ಹುಲ್ಲು, ನಿಲ್ಲಲು ಬಿಡದ ಗಾಳಿ. ಅಲ್ಲಿ ಗುಂಡಿ ತೋಡಲು ಎರಡು ಸಲ ಪ್ರಯತ್ನಿಸಿ, ಕಲ್ಲಿಗೆ ಸೋತು ಬಿಟ್ಟಿದ್ದರು. ಸಸಿಯಕ್ಕ ಅದನ್ನು ಯಾವಾಗಲೂ ತನ್ನ ಸೋಲು ಎಂದೇ ಲೆಕ್ಕ ಹಾಕಿದ್ದಳು. ಇಪ್ಪತ್ತು ವರ್ಷದಿಂದ ಆ ಕಡೆ ಕಾಲಿಟ್ಟಿರಲಿಲ್ಲ.

ನೂರು ಹೆಜ್ಜೆ ನಡೆಯುವಷ್ಟರಲ್ಲಿ ಅವಳು ಗಕ್ಕನೆ ನಿಂತಳು. "ಕೇಳಿಸ್ತಾ?"

ಮೇಷ್ಟ್ರಿಗೆ ಗಾಳಿಯಲ್ಲಿ ಏನೂ ಕೇಳಿಸಲಿಲ್ಲ. ಫೋನಮ್ಮ ಕಿವಿಗೆ ಕೈ ಒಡ್ಡಿದರು. ಆಕಾಶದಲ್ಲಿ ಒಂದು ಚುಕ್ಕೆ ಏರುತ್ತಿತ್ತು, ಏರುತ್ತ ಸಣ್ಣ ದನಿಯಲ್ಲಿ ಒಂದೇ ಸಮನೆ ಹಾಡುತ್ತಿತ್ತು. ತುದಿ ಮುಟ್ಟಿದ ಮೇಲೆ ಹಾಡು ನಿಲ್ಲಿಸಿ, ರೆಕ್ಕೆ ಅರ್ಧ ಮಡಚಿ ಹುಲ್ಲಿಗೆ ಇಳಿಯಿತು. ಮೇಷ್ಟ್ರು ದುರ್ಬೀನನ್ನು ಕಣ್ಣಿಗೆ ಹಿಡಿದರು.

"ಒಂದು" ಎಂದರು.

ಆ ದಿನವೆಲ್ಲ ನೆತ್ತಿಯ ಬಯಲನ್ನು ಅವರು ಉದ್ದಕ್ಕೂ ಅಡ್ಡಕ್ಕೂ ನಡೆದರು. ಒಟ್ಟು ಸಿಕ್ಕಿದ್ದು ಒಂಬತ್ತು. ಹಕ್ಕಿ ಹುಳ ಕಚ್ಚಿಕೊಂಡು ಎಲ್ಲಿ ಇಳಿಯುತ್ತದೆ, ಇಳಿದ ಮೇಲೆ ಎಷ್ಟು ದೂರ ಹುಲ್ಲಿನೊಳಗೆ ಓಡಿ ಗೂಡು ಸೇರುತ್ತದೆ ಎಂಬುದು ಸಸಿಯಕ್ಕನಿಗೆ ಮರೆತೇ ಇರಲಿಲ್ಲ. ಕಣ್ಣು ನೆಟ್ಟು ಕಾಲು ಗಂಟೆ ಕೂತಳು, ಆಮೇಲೆ ನೇರ ಹೋಗಿ ಒಂದು ಹುಲ್ಲಿನ ಬುಡ ತೋರಿಸಿದಳು. ಮೇಷ್ಟ್ರು ದೂರದಿಂದಲೇ ನೋಡಿದರು. ಅಂಗೈಯಗಲದ ಗೂಡು, ಎರಡು ಮರಿ, ಒಂದು ಮೊಟ್ಟೆ.

ಗೂಡಿನಿಂದ ಮೂರು ಮಾರು ದೂರದಲ್ಲಿ ಹುಲ್ಲಿನ ನಡುವೆ ಒಂದು ಸೂಜಿಸಸಿ ನಿಂತಿತ್ತು. ಮೊಣಕಾಲುದ್ದ, ಎಳೆ ಹಸಿರು, ಆರೋಗ್ಯವಾಗಿತ್ತು. ಅದರಾಚೆ ಇನ್ನೊಂದು, ಇನ್ನೆರಡು. ಎದ್ದು ನಿಂತು ಕೆಳಗೆ ನೋಡಿದರೆ, ಮರಗಳ ಅಂಚಿನಿಂದ ನೆತ್ತಿಯ ತನಕ ಅಲ್ಲೊಂದು ಇಲ್ಲೊಂದು ಹಸಿರು ತಲೆಗಳು ಹುಲ್ಲಿನಿಂದ ಇಣುಕುತ್ತಿದ್ದವು.

"ಇವನ್ನ ಯಾರೂ ನೆಟ್ಟಿಲ್ಲ" ಎಂದಳು ಸಸಿಯಕ್ಕ.

"ಗಾಳಿ ಬೀಜ ತರುತ್ತೆ" ಎಂದರು ಮೇಷ್ಟ್ರು. "ಈ ಬಯಲೂ ಮುಚ್ಚಿಹೋಗೋಕೆ ಇನ್ನು ಹದಿನೈದು ಇಪ್ಪತ್ತು ವರ್ಷ ಸಾಕು."

ಅವಳು ಸಸಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಬುಡಕ್ಕೆ ಕೈ ಹಾಕಿದಳು, ಕೈ ತೆಗೆದಳು. ಎರಡನೇ ಸಲ ಹಿಡಿದು ಎಳೆದಾಗ ಮಳೆಯಲ್ಲಿ ನೆನೆದ ಮಣ್ಣು ಸುಲಭವಾಗಿ ಬಿಟ್ಟುಕೊಟ್ಟಿತು. ಬೇರು ಸಮೇತ ಸಸಿ ಕೈಗೆ ಬಂತು. ಅಭ್ಯಾಸದ ಕೈ, ಬೇರಿಗೆ ಗಾಳಿ ತಾಗದಿರಲಿ ಎಂದು ಅದನ್ನು ತಾನಾಗಿಯೇ ಸೆರಗಿನೊಳಗೆ ಸುತ್ತಿಕೊಂಡಿತು. ಹಾಗೆ ಸುತ್ತಿಕೊಂಡು, ಎಲ್ಲಿ ಇಡಲಿ ಎಂಬಂತೆ ಅವಳು ಅತ್ತಿತ್ತ ನೋಡಿದಳು. ಕೊನೆಗೆ ಅವಳು ಸೆರಗು ಬಿಡಿಸಿ, ಬಿಸಿಲು ಕಾಯುತ್ತಿದ್ದ ಬಂಡೆಯ ಮೇಲೆ ಬೇರು ಮೇಲಾಗಿ ಅದನ್ನು ಮಲಗಿಸಿದಳು. ಆಗ ಅತ್ತಳು. ಫೋನಮ್ಮ ಬಂದು ಪಕ್ಕದಲ್ಲಿ ಕೂತರು, ಅವಳ ಮಡಚದ ಬೆರಳನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು.

ಅವತ್ತು ಅವಳು ಕಿತ್ತದ್ದು ಅದೊಂದೇ. ಮೂರನೇ ದಿನ ಇಳಿದು ಬಂದು, ಅವರನ್ನು ಜೀಪು ಹತ್ತಿಸಿ ಮನೆ ಸೇರಿದಳು. ಒಂದು ವಾರ ಮನೆಯಿಂದ ಹೊರಬರಲಿಲ್ಲ. ಎಂಟನೇ ದಿನ ಹಳೆಯ ಗುದ್ದಲಿ, ಗೋಣಿಚೀಲ ತೆಗೆದು ಬಾಗಿಲ ಬಳಿ ಇಟ್ಟಳು.

"ಎಲ್ಲಿಗೆ?" ಎಂದ ಗಂಡ.

"ನೆತ್ತಿಗೆ. ಸಸಿ ಕೀಳೋಕೆ."

ವಿಷಯ ಕೇಳಿ ಅವನಿಗೆ ನಿಜಕ್ಕೂ ನೋವಾಯಿತು. "ಹಾಗಾದ್ರೆ ನಾನು ಲಾರೀಲಿ ಆ ತಿರುವುಗಳಲ್ಲಿ ಜೀವ ಕೈಯಲ್ಲಿ ಹಿಡ್ಕೊಂಡು ನೀರು ತಂದಿದ್ದೆಲ್ಲಾ ದಂಡ ಅಂತಾಯ್ತು?"

"ನಾನು ನೆಟ್ಟಿದ್ದು ಏನಾಯ್ತೋ, ನಿಮ್ಮ ನೀರೂ ಅದೇ ಆಯ್ತು. ಇಬ್ಬರೂ ಒಟ್ಟಿಗೇ ಅಲ್ವಾ ಮಾಡಿದ್ದು."

ಅವನು ಎರಡು ತಿಂಗಳು ಅವಳೊಡನೆ ಸರಿಯಾಗಿ ಮಾತಾಡಲಿಲ್ಲ. ನಲ್ಲಿಯ ಹತ್ತಿರ ಹೆಂಗಸರು ಗುಸುಗುಸು ಶುರುಮಾಡಿದರು: ರಿಟೈರಾದ ಮೇಲೆ ಸಸಿಯಕ್ಕನಿಗೆ ತಲೆ ಕೆಟ್ಟಿದೆ, ನೆಟ್ಟವಳೇ ಕೀಳುತ್ತಿದ್ದಾಳೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ವಾರಕ್ಕೊಂದು ದಿನ ಮೇಲೆ ಹೋದಳು, ಒಬ್ಬಳೇ ಬಗ್ಗಿ ಬಗ್ಗಿ ಕಿತ್ತಳು, ಒಣಗಲು ಬಂಡೆಯ ಮೇಲೆ ಹರಡಿ ಇಳಿದಳು.

ಯಾರೋ ದೂರು ಕೊಟ್ಟರು. ಹೊಸದಾಗಿ ಬಂದಿದ್ದ ಎಳೆ ವಯಸ್ಸಿನ ಅಧಿಕಾರಿ ಅವಳನ್ನು ಆಫೀಸಿಗೆ ಕರೆಸಿದ. ಸಾಹೇಬರು ತೆಗೆಸಿದ್ದ ಅವಳ ಫೋಟೋ ಅವನ ಬೆನ್ನ ಹಿಂದಿನ ಗೋಡೆಯ ಮೇಲೇ ಇತ್ತು.

"ಇಲಾಖೆಯ ಜಾಗದಲ್ಲಿ ಮರ ಕೀಳೋದು ಅಪರಾಧ. ನಿಮಗೆ ಗೊತ್ತಿಲ್ಲದ್ದಲ್ಲ" ಎಂದ ಅವನು.

"ಗೊತ್ತು ಸಾರ್. ನೆಟ್ಟಿದ್ದೆಲ್ಲಾ ಬರ್ಕೊಂಡಿದೀರಲ್ಲ, ಕಿತ್ತಿದ್ದನ್ನೂ ಬರ್ಕೊಳ್ಳಿ. ಆದ್ರೆ ಅದಕ್ಕೆ ಮುಂಚೆ ಒಂದು ಸಲ ಮೇಲೆ ಬಂದು ನೋಡಿ. ನೋಡಿದ ಮೇಲೆ ಏನು ಕೇಸು ಹಾಕ್ತೀರೋ ಹಾಕಿ."

ಅಷ್ಟರಲ್ಲಿ ಮೇಷ್ಟ್ರ ಪತ್ರವೂ ಆಫೀಸಿಗೆ ಬಂದಿತ್ತು. ಹದಿನೆಂಟು ಪುಟ, ಫೋನಮ್ಮನೇ ಟೈಪ್ ಮಾಡಿದ್ದು. ಹಳೆಯ ಅರ್ಧ ಹಾಳೆಯ ಪ್ರತಿಯನ್ನು ಮೇಲೆ ಪಿನ್ನು ಹಾಕಿ, ಕೆಳಗೆ ಮೇಷ್ಟ್ರು ಸ್ವಂತ ಕೈಯಿಂದ ಬರೆದಿದ್ದರು: 'ನಾನು ಅಂದು ಕೊಟ್ಟ ವರದಿ ತಪ್ಪು. ಅದರ ಹೊಣೆ ನನ್ನದು.' ಅಧಿಕಾರಿ ಪತ್ರ ಓದಿ, ಒಂದು ಬೆಳಿಗ್ಗೆ ಸಸಿಯಕ್ಕನ ಹಿಂದೆ ಏದುಸಿರು ಬಿಡುತ್ತ ನೆತ್ತಿಗೆ ಹತ್ತಿದ. ಗೂಡು ನೋಡಿದ, ಸಸಿಗಳನ್ನು ನೋಡಿದ. ಕೇಸು ಹಾಕಲಿಲ್ಲ. ಅನುಮತಿಯನ್ನೂ ಕೂಡಲೇ ಕೊಡಲಿಲ್ಲ. ಕಡತ ಮೇಲಕ್ಕೆ ಹೋಗಿ, ಪ್ರಶ್ನೆ ಹೊತ್ತು ಕೆಳಗೆ ಬಂದು, ಮತ್ತೆ ಮೇಲಕ್ಕೆ ಹೋಗಿ, ಎರಡು ವರ್ಷ ಎಂಟು ತಿಂಗಳಾಯಿತು. ಆ ತನಕ ಅವಳು ಹೋಗುತ್ತಿದ್ದದ್ದನ್ನು ಯಾರೂ ತಡೆಯಲಿಲ್ಲ, ಅಷ್ಟೇ.

ಕೊನೆಗೆ ಆದೇಶ ಬಂದದ್ದು ನೆತ್ತಿಯ ಸಸಿಗಳನ್ನು ಕೀಳಲು ಮತ್ತು ನೆತ್ತಿಗೆ ಅಂಟಿಕೊಂಡ ಒಂದು ಗುಡ್ಡದ ಮರ ಕಡಿದು ನೋಡಲು. ನೆತ್ತಿಗೆ ಅಂಟಿಕೊಂಡಿದ್ದದ್ದು ಮಗಳ ಗುಡ್ಡ.

ಅಷ್ಟು ಹೊತ್ತಿಗೆ ಮೇಷ್ಟ್ರು ಇರಲಿಲ್ಲ. ಹಿಂದಿನ ಚಳಿಗಾಲ ಕುರ್ಚಿಯಲ್ಲಿ ಕೂತಲ್ಲೇ ಹೋಗಿದ್ದರು. ಅಣ್ಣ ತಂಗಿ ಆಮೇಲೆ ವರ್ಷವೂ ಬಂದು ಮಾಡುತ್ತಿದ್ದ ಎಣಿಕೆಗೆ ಆ ವರ್ಷ ಫೋನಮ್ಮ ಒಬ್ಬರೇ ದುರ್ಬೀನು ಹಾಕಿಕೊಂಡು ಬಂದಿಳಿದರು. "ಅಣ್ಣ ಹೋದ ಮೇಲೆ ಮನೇಲಿ ಜಗಳ ಆಡೋಕೆ ಯಾರೂ ಇಲ್ಲ ಸಸಿಯಕ್ಕ. ಹೆಜ್ಜೆ ನೀನು ಎಣಿಸು, ನಾನು ಬರೀತೀನಿ. ತಪ್ಪು ಎಣಿಸಿದ್ರೆ ನಿನ್ನ ಜೊತೇನೇ ಜಗಳ." ಇಬ್ಬರೂ ಆ ಇಡೀ ದಾರಿ ನಡೆದರು. ನಡುವೆ ಎಷ್ಟೋ ಸಲ ಸುಮ್ಮಸುಮ್ಮನೆ ನಿಂತರು.

ಮರ ಕಡಿಯುವ ದಿನ ಹೋಗಬೇಡ ಎಂದು ಗಂಡ ಹೇಳಿದ. ಅವಳು ಹೋದಳು. ಹೋದ ಮೇಲೆ ನೋಡುತ್ತಾಳೆ, ಅವನೂ ಕೈಕಟ್ಟಿಕೊಂಡು ಹಿಂದೆಯೇ ಬಂದು ನಿಂತಿದ್ದಾನೆ. ಗರಗಸದ ಯಂತ್ರಕ್ಕೆ ಒಂದೊಂದು ಮರಕ್ಕೂ ಎರಡು ಮೂರು ನಿಮಿಷ ಸಾಕಾಯಿತು. ಮೊದಲ ಮರ ಬಿದ್ದಾಗ ನೆಲ ಅದುರಿದ್ದು ಅಂಗಾಲಿಗೆ ತಾಗಿತು. ಅವನು ತನ್ನ ಶಾಲನ್ನು ತೆಗೆದು ಅವಳ ಹೆಗಲಿಗೆ ಹೊದಿಸಿದ. ಸಂಜೆಯ ತನಕ ಇಬ್ಬರೂ ನಿಂತೇ ಇದ್ದರು.

ಕಡಿದ ಕೂಡಲೇ ಹುಲ್ಲು ಬರುತ್ತದೆ ಎಂದು ಎಲ್ಲರೂ ಭಾವಿಸಿದ್ದರು. ಬರಲಿಲ್ಲ. ಬೆಳಕು ಬಿದ್ದ ನೆಲದಲ್ಲಿ ಮೊದಲ ಮಳೆಗೆ ಎದ್ದದ್ದು ಸೂಜಿಮರದ್ದೇ ಸಾವಿರ ಸಾವಿರ ಮೊಳಕೆ, ಅದರ ಮೇಲೆ ಮುಳ್ಳಿನ ಕಳೆ. ಅಧಿಕಾರಿ ತಲೆ ಮೇಲೆ ಕೈ ಹೊತ್ತು ಕೂತ. ಸಸಿಯಕ್ಕ ನಲ್ಲಿಯ ಹತ್ತಿರ ಹೋಗಿ, ಗುಸುಗುಸು ಮಾಡಿದ್ದ ಹೆಂಗಸರನ್ನೇ ಕರೆದಳು. "ನೆಡೋವಾಗ ಹಗ್ಗ ಹಿಡಿದು ನೆಟ್ಟಿದ್ವಲ್ಲ, ಕೀಳೋದಕ್ಕೆ ಹಗ್ಗ ಬೇಡ. ಬಗ್ಗಿದ ಕಡೆ ಸಿಗುತ್ತೆ. ಬನ್ನಿ." ಮೊದಲು ಇಬ್ಬರು ಬಂದರು, ಬರುಬರುತ್ತ ಒಂಬತ್ತು ಮಂದಿಯಾದರು. ಇಲಾಖೆ ಅವರಿಗೆ ಹಾಜರಿ ಹಾಕಿತು. ನೆತ್ತಿಯಿಂದ ಹುಲ್ಲನ್ನು ಬೇರು ಸಮೇತ ಕಿತ್ತು ತಂದು, ಕೆಳಗೆ ಒಂದೊಂದು ಹಿಡಿ ನಾಟಿ ಮಾಡುವ ಉಪಾಯ ಅವಳದೇ. ಚಳಿಗೆ ಅರ್ಧ ಸತ್ತವು, ಅರ್ಧ ಹಿಡಿದವು.

ಈಗ ಅವಳಿಗೆ ಅರವತ್ತೊಂಬತ್ತು. ನೆತ್ತಿಯ ಬಯಲಿನಲ್ಲಿ ಹೋದ ವರ್ಷ ಹದಿನಾಲ್ಕು ಹಕ್ಕಿ ಸಿಕ್ಕವು. ಮಗಳ ಗುಡ್ಡದ ಮೇಲ್ಭಾಗದಲ್ಲಿ ಹುಲ್ಲು ಕೂಡಿಕೊಂಡಿದೆ. ಒಂದು ಮಧ್ಯಾಹ್ನ ಅಲ್ಲಿಗೆ ಒಂದು ಹುಲ್ಲುಗುಬ್ಬಿ ಇಳಿದು, ಹುಳ ಹೆಕ್ಕಿ, ಮೇಲಕ್ಕೆ ಹಾರಿಹೋಯಿತು. ಗೂಡು ಮಾಡಿಲ್ಲ. ಉಳಿದ ಹತ್ತು ಗುಡ್ಡಗಳು ಹಾಗೆಯೇ ಕಪ್ಪಾಗಿ ನಿಂತಿವೆ. ಅವನ್ನು ಮುಟ್ಟುವ ಆದೇಶ ಬಂದಿಲ್ಲ, ಅವಳ ಕಾಲದಲ್ಲಿ ಬರುವುದೂ ಇಲ್ಲ.

ದೂರದ ಪಟ್ಟಣದ ಆಸ್ಪತ್ರೆಯಲ್ಲಿ ನರ್ಸಾಗಿರುವ ಮಗಳು ರಜೆಗೆ ಬಂದಾಗ ಅಮ್ಮನ ಜೊತೆ ಮೇಲೆ ಹತ್ತಿದ್ದಳು. ತನ್ನ ಹೆಸರಿನ ಗುಡ್ಡದ ತುಂಬ ಮೋಟುಗಳನ್ನು ನೋಡಿ ಅವಳ ಮುಖ ಸಣ್ಣಗಾಯಿತು.

"ಅಮ್ಮಾ, ಇಡೀ ಜನ್ಮ ಮಾಡಿದ್ದು ಹೀಗಾಯ್ತಲ್ಲ. ನಿನಗೆ ಸಂಕಟ ಆಗಲ್ವಾ?"

ಸಸಿಯಕ್ಕ ಗೋಣಿಚೀಲವನ್ನು ಬಂಡೆಯ ಮೇಲೆ ಇಟ್ಟು ಸೊಂಟ ನೇರ ಮಾಡಿಕೊಂಡಳು. "ಆಗುತ್ತೆ. ದಿನಾ ಆಗುತ್ತೆ. ನಿನ್ನನ್ನ ಬೆನ್ನಿಗೆ ಕಟ್ಕೊಂಡು ನೆಟ್ಟಿದ್ದು, ಮರೆಯೋಕಾಗುತ್ತಾ? ಆದ್ರೆ ನನಗೆ ಹೇಳೋರು ಬಂದಾಗ ನನಗಿನ್ನೂ ಕೈಕಾಲು ಗಟ್ಟಿ ಇತ್ತು ನೋಡು. ಅಷ್ಟು ಪುಣ್ಯ."

ಮಗಳು ಇನ್ನೇನೋ ಕೇಳುವವಳಿದ್ದಳು. ಅಷ್ಟರಲ್ಲಿ ಕೆಳಗಿನಿಂದ ಮಂಜು ಏರತೊಡಗಿತು. ತಾಯಿ ಆಗಲೇ ಬಗ್ಗಿ ಮುಂದಿನ ಮೊಳಕೆಗೆ ಕೈ ಹಾಕಿದ್ದಳು. ಮಗಳು ಕೈಗಡಿಯಾರ ಬಿಚ್ಚಿ ಬ್ಯಾಗಿಗೆ ಹಾಕಿದಳು, ಪಕ್ಕದ ಸಾಲಿನಲ್ಲಿ ಬಗ್ಗಿದಳು.